ಆಟಕ್ಕುಂಟು, ಲೆಕ್ಕಕ್ಕಿಲ್ಲ

ಜೋಡಣೆ ಬಹುಮಟ್ಟಿಗೆ ಮುಗಿದ ಯುದ್ಧವಿಮಾನವೊಂದು ಎಂಜಿನ್ನಿಗಾಗಿ ಹ್ಯಾಂಗರಿನಲ್ಲಿ ಕಾದು ನಿಂತರೆ ಆ ನಷ್ಟವನ್ನು ಯಾವ ಖಾತೆಗೆ ಬರೆಯಬೇಕು? ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ತೇಜಸ್ ಮಾರ್ಕ್–1ಎ ವಿಮಾನದ ವಿಳಂಬ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ. 83 ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಫೆಬ್ರುವರಿಯಲ್ಲಿ. ಅವುಗಳಿಗಾಗಿ ಅಮೆರಿಕದ ಜಿಇ ಕಂಪನಿಯಿಂದ 99 ಎಂಜಿನ್‌ ಖರೀದಿಸುವ ಒಪ್ಪಂದವಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಮೊದಲ ಎಂಜಿನ್ ಹಸ್ತಾಂತರವಾದದ್ದು 2025ರ ಮಾರ್ಚ್‌ನಲ್ಲಿ. ವಿಮಾನಗಳ ಪೂರೈಕೆ ಆರಂಭವಾಗಬೇಕಿದ್ದ ಗಡುವು ಅದಕ್ಕೆ ಒಂದು ವರ್ಷ ಮೊದಲೇ ಕಳೆದುಹೋಗಿತ್ತು. ವಿಳಂಬಕ್ಕೆ ಎಂಜಿನ್ ಒಂದೇ ಕಾರಣವಲ್ಲ, ನಿಜ. ಆದರೆ ಎಂಜಿನ್ ಇಲ್ಲದೆ ಉಳಿದ ಕಾರಣಗಳನ್ನು ನಿವಾರಿಸಿಯೂ ಪ್ರಯೋಜನವಿರಲಿಲ್ಲ.

ಇದರ ಹಿನ್ನೆಲೆ ಕುತೂಹಲಕರ. ತೇಜಸ್‌ಗೆಂದು ಹಿಂದೆ ತರಿಸಿದ್ದ 65 ಎಂಜಿನ್‌ಗಳ ಪೂರೈಕೆ 2016ರಲ್ಲಿ ಮುಗಿದಿತ್ತು. ಮುಂದಿನ ಬೇಡಿಕೆ ಬಾರದ ಕಾರಣ ಆ ಮಾದರಿಯ ಉತ್ಪಾದನಾ ಸಾಲು ಐದು ವರ್ಷ ಸ್ತಬ್ಧವಾಯಿತು. ಸಾಲನ್ನು ಪುನರಾರಂಭಿಸುವುದೆಂದರೆ ಒಂದು ಗುಂಡಿ ಒತ್ತಿದಂತಲ್ಲ. ಬಿಡಿಭಾಗ ಪೂರೈಸುತ್ತಿದ್ದವರನ್ನು ಮತ್ತೆ ಕೂಡಿಸಬೇಕು, ಅವರ ಕೆಲಸದ ಗುಣಮಟ್ಟವನ್ನು ಮತ್ತೆ ಪರೀಕ್ಷಿಸಬೇಕು. ಯಾವ ಭಾಗ ಕೈಗೆ ಬರಲು ಅತಿ ಹೆಚ್ಚು ಕಾಲ ಹಿಡಿಯುವುದೋ ಅದರಿಂದಲೇ ಹಿಮ್ಮುಖವಾಗಿ ದಿನ ಎಣಿಸಬೇಕೆಂಬುದು ಯೋಜನಾ ವಿಭಾಗದ ಮೊದಲ ಪಾಠ. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳ ಒಪ್ಪಂದವಾದಾಗ, 113 ಎಂಜಿನ್‌ಗಳ ಒಪ್ಪಂದ ಒಂದೂವರೆ ತಿಂಗಳಲ್ಲೇ ಆಯಿತು. ಪಾಠ ತಲುಪಿದೆ ಎನ್ನೋಣ.

ಜೋಡಣೆಯ ಗಣಿತ ಬಹಳ ನಿರ್ದಯವಾದದ್ದು. ನೂರು ಭಾಗಗಳಿಂದಾದ ಒಂದು ಯಂತ್ರವಿದೆಯೆನ್ನಿ. ಪ್ರತಿಯೊಂದು ಭಾಗವೂ ಬೇಕಾದ ದಿನ ಉಗ್ರಾಣದಲ್ಲಿರುವ ಸಾಧ್ಯತೆ ಶೇ 99. ಯಾವ ಅಧಿಕಾರಿಯಾದರೂ ಇದನ್ನು ಉತ್ತಮ ಸಾಧನೆಯೆಂದೇ ವರದಿ ಮಾಡುತ್ತಾನೆ. ಆದರೆ ಒಂದರ ಕೊರತೆಗೂ ಇನ್ನೊಂದರ ಕೊರತೆಗೂ ಸಂಬಂಧವಿಲ್ಲದಿದ್ದರೆ, ನೂರೂ ಭಾಗಗಳು ಒಟ್ಟಿಗೆ ಇರುವ ಸಾಧ್ಯತೆ ಶೇ 37 ಮಾತ್ರ! ಸಾವಿರ ಭಾಗಗಳಾದರಂತೂ ಅದು ಶೂನ್ಯಕ್ಕೆ ಸಮ. ಇಲ್ಲಿ ಸರಾಸರಿಗೆ ಬೆಲೆಯಿಲ್ಲ. ಇಲ್ಲದ ಒಂದು ಭಾಗವೇ ಇಡೀ ಸಾಲಿನ ಯಜಮಾನ.

ಆ ಭಾಗ ಎಂಜಿನ್ನಿನಂತೆ ದುಬಾರಿಯೇ ಆಗಿರಬೇಕಿಲ್ಲ. 1997ರ ಫೆಬ್ರುವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಸೈಕಿ ಕಂಪನಿಯ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಅಲ್ಲಿ ತಯಾರಾಗುತ್ತಿದ್ದುದು ಬ್ರೇಕಿನ ಒಂದು ಪುಟ್ಟ, ಅಗ್ಗದ ವಾಲ್ವ್. ದಾಸ್ತಾನನ್ನು ಕನಿಷ್ಠ ಮಟ್ಟಕ್ಕಿಳಿಸಿ ಜಗತ್ತಿಗೇ ಗುರುವಾಗಿದ್ದ ಟೊಯೊಟಾದ ಬಳಿ ಆ ವಾಲ್ವ್ ಇದ್ದದ್ದು ಕೆಲವೇ ಗಂಟೆಗಳಿಗೆ ಸಾಕಾಗುವಷ್ಟು. ಜಪಾನಿನಲ್ಲಿ ಅದರ ಬಹುತೇಕ ಕಾರು ಕಾರ್ಖಾನೆಗಳು ದಿನಗಟ್ಟಲೆ ನಿಂತವು. 2011ರ ಭೂಕಂಪದ ಹೊಡೆತ ನಮ್ಮ ಬಿಡದಿಗೂ ತಟ್ಟಿ, ಅಲ್ಲಿಯೂ ಉತ್ಪಾದನೆ ಕಡಿತಗೊಂಡಿತು. ಆ ಬಳಿಕ ಟೊಯೊಟಾ ತನ್ನ ಗುರುತ್ವವನ್ನೇ ತುಸು ತಿದ್ದಿಕೊಂಡು, ಚಿಪ್‌ಗಳನ್ನು ತಿಂಗಳುಗಟ್ಟಲೆ ದಾಸ್ತಾನಿಡುವಂತೆ ಸರಬರಾಜುದಾರರಿಗೆ ಹೇಳಿತು. 2021ರ ಚಿಪ್ ಬರದಲ್ಲಿ ಅದು ಅನೇಕ ಪ್ರತಿಸ್ಪರ್ಧಿಗಳಿಗಿಂತ ಹೆಚ್ಚು ಕಾಲ ತಡೆದುಕೊಂಡದ್ದಕ್ಕೆ ಇದೂ ಕಾರಣ. ಕೊನೆಗೆ ಅದೂ ಉತ್ಪಾದನೆ ತಗ್ಗಿಸಬೇಕಾಯಿತೆಂಬುದು ಬೇರೆ ಮಾತು.

ನಮ್ಮ ಲೆಕ್ಕಪತ್ರಗಳಿಗೆ ಈ ತಿಳಿವಳಿಕೆ ಇನ್ನೂ ಇಳಿದಿಲ್ಲ. ಸರ್ಕಾರದ ಪ್ರತಿನಿಧಿಯಾಗಿ ಕೆಲವು ಸಾರ್ವಜನಿಕ ಉದ್ಯಮಗಳ ಆಡಳಿತ ಮಂಡಳಿಗಳಲ್ಲಿ ಕುಳಿತಿದ್ದ ಕಾಲದಲ್ಲಿ ‘ಚಲನೆಯಿಲ್ಲದ ದಾಸ್ತಾನು’ ಎಂಬ ಆಕ್ಷೇಪಣೆಯನ್ನು ಎಷ್ಟು ಬಾರಿ ಓದಿದೆನೋ ಲೆಕ್ಕವಿಲ್ಲ. ಒಂದು ಬೋಲ್ಟಿಲ್ಲದೆ ಸಾಲು ವಾರಗಟ್ಟಲೆ ನಿಂತಿತೆಂಬ ಆಕ್ಷೇಪಣೆಯನ್ನು ಒಮ್ಮೆಯೂ ಕಾಣಲಿಲ್ಲ. ದಾಸ್ತಾನು ಉಗ್ರಾಣದಲ್ಲಿ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬಡ್ಡಿ ಕಟ್ಟಬಹುದು. ಕೊರತೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹೀಗಾಗಿ ಜಾಣ ವ್ಯವಸ್ಥಾಪಕ ಹತ್ತು ರೂಪಾಯಿಯ ಭಾಗವನ್ನೂ ಮಿತವಾಗಿಯೇ ತರಿಸುತ್ತಾನೆ. ಅಗತ್ಯ ಬಿದ್ದಾಗ ಪಕ್ಕದ ಯಂತ್ರದಿಂದ ಬಿಚ್ಚಿ ಈ ಯಂತ್ರಕ್ಕೆ ಜೋಡಿಸಿ ತಿಂಗಳ ಗುರಿ ಮುಟ್ಟಿಸುತ್ತಾನೆ. ಮುಂದಿನ ತಿಂಗಳು ಪಕ್ಕದ ಯಂತ್ರದ ಸರದಿ. ನನ್ನ ದೃಷ್ಟಿಯಲ್ಲಿ ಅಗ್ಗವೂ ಅನಿವಾರ್ಯವೂ ಆದ ಭಾಗಗಳನ್ನು ಆರು ತಿಂಗಳಿಗಾಗುವಷ್ಟು ಇಟ್ಟುಕೊಳ್ಳುವುದು ದುಂದುವೆಚ್ಚವಲ್ಲ, ವಿಮಾ ಕಂತು. ಸಾಲು ನಿಂತ ಪ್ರತಿ ಗಂಟೆಯ ವೆಚ್ಚವನ್ನು, ಕಾರಣವಾದ ಭಾಗದ ಹೆಸರಿನೊಂದಿಗೆ, ಪ್ರತ್ಯೇಕ ಶೀರ್ಷಿಕೆಯಲ್ಲಿ ಬರೆದಿಡುವಂತಾಗಬೇಕು.

ಹಾಗೆ ಬರೆಯದಿದ್ದರೆ ಆ ವೆಚ್ಚ ಮಾಯವಾಗುವುದಿಲ್ಲ, ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕದ ಹೆಗಲೇರುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಒಂದು ಭಾಗ ಬಾರದೆ ಸಾಲು ನಿಂತರೆ, ಉಳಿದ ಭಾಗಗಳನ್ನು ಸಿದ್ಧಪಡಿಸಿಟ್ಟವರಿಗೆ ‘ಸದ್ಯಕ್ಕೆ ಕಳಿಸಬೇಡಿ’ ಎಂಬ ಸಂದೇಶ ಹೋಗುತ್ತದೆ. ಉಕ್ಕಿಗೆ ಹಣ ಕೊಟ್ಟಾಗಿದೆ, ಕೂಲಿ ಕೊಟ್ಟಾಗಿದೆ, ಬ್ಯಾಂಕಿನ ಬಡ್ಡಿ ಓಡುತ್ತಿದೆ. 2006ರ ಸಣ್ಣ ಕೈಗಾರಿಕೆಗಳ ಕಾಯ್ದೆಯು 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು ವಿಧಿಸಿದೆಯಾದರೂ ಆ ಎಣಿಕೆ ಶುರುವಾಗುವುದು ಖರೀದಿದಾರನು ಸರಕನ್ನು ಸ್ವೀಕರಿಸಿದ ಮೇಲೆ. ಕಳಿಸಬೇಡಿ ಎಂದ ಸರಕಿಗೆ ಮೊದಲನೆಯ ದಿನವೇ ಹುಟ್ಟುವುದಿಲ್ಲ.