ಹಾದಿಯ ನಡುವೆ ಚಂಡಮಾರುತ

ಅರಬ್ಬೀ ಸಮುದ್ರವು ಬಂಗಾಳ ಕೊಲ್ಲಿಯಷ್ಟು ಮುಂಗೋಪಿಯಲ್ಲವೆಂಬುದು ಬಹುಕಾಲದ ನಂಬಿಕೆ. ಚಂಡಮಾರುತವೆಂದರೆ ಒಡಿಶಾ, ಆಂಧ್ರ, ತಮಿಳುನಾಡುಗಳ ಮಾತು, ಮುಂಬಯಿಗೆ ಮಳೆಯ ಉಪದ್ರವವೊಂದೇ ಎಂದು ಇಲ್ಲಿಯ ಜನ ನೆಮ್ಮದಿಯಿಂದಿದ್ದರು. ಆ ನೆಮ್ಮದಿ ಈಗ ಉಳಿದಿಲ್ಲ. 2009ರ ನವೆಂಬರ್ 11ರಂದು ‘ಫಯಾನ್’ ಮುಂಬಯಿ ಮತ್ತು ಅಲಿಬಾಗಗಳ ನಡುವೆ ದಡ ಸೇರಿತು. 2020ರ ಜೂನ್ 3ರ ಮಧ್ಯಾಹ್ನ ‘ನಿಸರ್ಗ’ ಅಲಿಬಾಗದ ದಕ್ಷಿಣಕ್ಕೆ ನೆಲಕ್ಕಪ್ಪಳಿಸಿತು. ಅದಾಗಿ ವರ್ಷ ತುಂಬುವ ಮೊದಲೇ, 2021ರ ಮೇ 17ರಂದು, ‘ತೌಕ್ತೆ’ ಮುಂಬಯಿಯ ಮಗ್ಗುಲಲ್ಲಿಯೇ ಹಾದುಹೋಯಿತು.

ಈ ಮೂರರಲ್ಲಿ ತೌಕ್ತೆಯ ಹಾದಿಯನ್ನು ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಮೇ 15ರಂದು ಅದು ಕರ್ನಾಟಕದ ಕರಾವಳಿಯ ಎದುರಿಗಿತ್ತು. 16ರಂದು ಗೋವೆಯ ಎದುರಿಗೆ. 17ರಂದು ಮುಂಬಯಿಯ ಎದುರಿಗೆ. ಅಂದು ರಾತ್ರಿ ಗುಜರಾತಿನ ದಿಯು-ಊನಾ ಭಾಗದಲ್ಲಿ ನೆಲ ಮುಟ್ಟಿತು. ನಕಾಶೆಯನ್ನು ಹರಡಿ ನೋಡಿದರೆ, ಇದು ಕೊಂಕಣ ರೈಲ್ವೆಯ ಹಳಿಗೆ ಹೆಚ್ಚುಕಡಿಮೆ ಸಮಾನಾಂತರವಾದ ದಾರಿ. ಮಂಗಳೂರಿನಿಂದ ಹೊರಟ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಒಂದು ರಾತ್ರಿಯಲ್ಲಿ ಕ್ರಮಿಸುವ ದೂರಕ್ಕೆ ಬಿರುಗಾಳಿಯು ಎರಡು ದಿನಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿತು. ಎಂದರೆ, ಉಡುಪಿಯಲ್ಲಿ ಮಳೆ ತಗ್ಗಿತೆಂದು ಗಾಡಿ ಹತ್ತಿದವನು ದಾರಿಯಲ್ಲಿ ಅದೇ ಬಿರುಗಾಳಿಯನ್ನು ಹಿಂದಿನಿಂದ ಹಿಡಿಯುವ ಸಂಭವವಿತ್ತು. ಆ ವರ್ಷ ಕೋವಿಡ್ ನಿರ್ಬಂಧಗಳಿಂದಾಗಿ ಪ್ರಯಾಣಿಕರ ಸಂಖ್ಯೆಯೇ ವಿರಳವಾಗಿದ್ದುದು ಒಂದು ರೀತಿಯಲ್ಲಿ ಪುಣ್ಯವೆನ್ನಬೇಕು.

ಇನ್ನೊಂದು ಸಂಗತಿಯೂ ಉಂಟು. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳೇಳುವುದು ಮುಂಗಾರಿಗೆ ಮುಂಚಿನ ಮೇ-ಜೂನ್ ತಿಂಗಳುಗಳಲ್ಲಿ, ಹಾಗೂ ಮುಂಗಾರು ಹಿಂದೆಗೆದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮಕ್ಕಳ ಬೇಸಗೆ ರಜೆ, ಊರಿನ ಮದುವೆ, ಮುಂಜಿಗಳು ಬರುವುದು ಮೊದಲನೆಯ ಅವಧಿಯಲ್ಲಿ. ದೀಪಾವಳಿ ಬರುವುದು ಎರಡನೆಯದರಲ್ಲಿ. ಮುಂಬಯಿ ಕನ್ನಡಿಗನ ಪ್ರಯಾಣದ ಪಂಚಾಂಗವೂ ಬಿರುಗಾಳಿಯ ಪಂಚಾಂಗವೂ ಒಂದಾಗಿರುವುದರಿಂದ, ಮನೆಯಿಂದ ದೂರವಿದ್ದಾಗಲೇ ಅದು ಎದುರಾಗುವುದು ಆಶ್ಚರ್ಯವಲ್ಲ.

ಹವಾಮಾನ ಇಲಾಖೆಯು ಚಂಡಮಾರುತದ ಸೂಚನೆಯನ್ನು ಹಂತಹಂತವಾಗಿ ನೀಡುತ್ತದೆ. ಸುಮಾರು 72 ಗಂಟೆಗಳ ಮುಂಚೆ ನಿಗಾ ಸೂಚನೆ, 48 ಗಂಟೆಗಳ ಮುಂಚೆ ಜಾಗೃತಿ ಸೂಚನೆ, 24 ಗಂಟೆಗಳ ಮುಂಚೆ ಎಚ್ಚರಿಕೆ, ಕೊನೆಗೆ 12 ಗಂಟೆಗಳ ಮುಂಚೆ, ನೆಲ ಮುಟ್ಟಿದ ಮೇಲೆ ಒಳನಾಡಿನಲ್ಲಿ ಏನಾದೀತೆಂಬ ಮುನ್ಸೂಚನೆ. ಪ್ರಯಾಣಿಕನಿಗೆ ಬೆಲೆಯುಳ್ಳವು ಮೊದಲಿನ ಎರಡು. ಟಿಕೆಟು ಬದಲಿಸಲು, ನೆಂಟರ ಮನೆಯಲ್ಲಿ ಎರಡು ದಿನ ಹೆಚ್ಚು ಉಳಿಯಲು, ಔಷಧಿ ಕೊಳ್ಳಲು ಅವಕಾಶವಿರುವುದು ಆಗಲೇ. ಆದರೆ ಅವಧಿ ಯಾವಾಗಲೂ ಇಷ್ಟೇ ದೀರ್ಘವಾಗಿರುತ್ತದೆಂದು ನಂಬುವಂತಿಲ್ಲ: ಜೂನ್ 1ರಂದು ಇನ್ನೂ ವಾಯುಭಾರ ಕುಸಿತವೆನಿಸಿದ್ದ ನಿಸರ್ಗವು 3ರ ಮಧ್ಯಾಹ್ನಕ್ಕೆಲ್ಲ ಗಂಟೆಗೆ 110-120 ಕಿಲೋಮೀಟರ್ ವೇಗದ ಗಾಳಿಯೊಡನೆ ರಾಯಗಡ ಜಿಲ್ಲೆಯ ಮಾಡುಗಳನ್ನು ಕಿತ್ತೆಸೆದಿತ್ತು.

ಸೂಚನೆ ಬಂದರೂ ಜನ ಹೊರಡುವುದೇಕೆ? ಕಾಯ್ದಿರಿಸಿದ ಟಿಕೆಟಿನ ಮೋಹ ಒಂದು ಕಾರಣ. ವಾಣಿಜ್ಯಶಾಸ್ತ್ರದಲ್ಲಿ, ಒಮ್ಮೆ ಕೈಬಿಟ್ಟು ಹೋದ ಹಣವನ್ನು ಮುಂದಿನ ನಿರ್ಧಾರದ ಲೆಕ್ಕಕ್ಕೆ ತರಬಾರದೆಂಬ ನಿಯಮವಿದೆ. ಪ್ರಯಾಣದಲ್ಲಿ ಅದನ್ನು ಪಾಲಿಸುವವರು ಕಡಿಮೆ. ರೈಲು ಟಿಕೆಟಿನ ಮಟ್ಟಿಗಂತೂ ಈ ಮೋಹಕ್ಕೆ ಆಧಾರವಿಲ್ಲ. ಗಾಡಿಯೇ ರದ್ದಾದರೆ ಹಣ ಪೂರ್ತಿ ಮರಳುತ್ತದೆ. ಮೂರು ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣಿಕನು ಹೊರಡದೆ ಇದ್ದರೆ, ಗಾಡಿ ಬಿಡುವ ಮುನ್ನ ಅರ್ಜಿ ಸಲ್ಲಿಸಿದಲ್ಲಿ ಆಗಲೂ ಮರಳುತ್ತದೆ.

ಎರಡನೆಯ ಕಾರಣ ಟಿಕೆಟಿಗಿಂತ ಪ್ರಬಲವಾದುದು: ಹೇಗಾದರೂ ಮಾಡಿ ಮನೆ ಸೇರಿಬಿಡಬೇಕೆಂಬ ತವಕ. ಮುಂಬಯಿಯ ದೊಡ್ಡ ದುರಂತಗಳ ಕಡತವನ್ನು ಬಿಡಿಸಿ ನೋಡಿದರೆ ಪ್ರಾಣ ತೆಗೆದುದು ಅನೇಕ ವೇಳೆ ಈ ತವಕವೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ನಡುದಾರಿಯಲ್ಲಿ ಕಾರಿನ ಗಾಜು ಏರಿಸಿಕೊಂಡು ಕುಳಿತವರಲ್ಲಿ ಕೆಲವರು ಉಸಿರುಕಟ್ಟಿ ಸತ್ತರು. 2017ರ ಆಗಸ್ಟ್ 29ರ ಮಳೆಯಲ್ಲಿ ನಗರದ ಖ್ಯಾತ ಜಠರರೋಗ ತಜ್ಞರೊಬ್ಬರು ಕಾರಿನಿಂದಿಳಿದು, ಮನೆ ಸಮೀಪದಲ್ಲಿದೆಯೆಂದು ನೀರಿನಲ್ಲಿ ನಡೆದುಹೊರಟು, ತೆರೆದ ಮ್ಯಾನ್‌ಹೋಲಿಗೆ ಬಿದ್ದು ಪ್ರಾಣ ಕಳೆದುಕೊಂಡರು. ನೂರಾರು ಜನರ ಜೀವ ಉಳಿಸಿದ ಕೈಗಳು ಅವು. ಇವೆರಡೂ ಚಂಡಮಾರುತಗಳಲ್ಲವೆಂಬುದು ನಿಜ; ಆದರೆ ಬಿರುಗಾಳಿಯ ದಿನದಲ್ಲಿ ಬೀದಿಯ ಸ್ಥಿತಿ ಇದಕ್ಕಿಂತ ಭಿನ್ನವಾಗಿರುವುದಿಲ್ಲ, ಮೇಲೆ ಮರ, ತಗಡು, ವಿದ್ಯುತ್ ತಂತಿಗಳು ಬೀಳುವ ಭಯ ಬೇರೆ.

ತೌಕ್ತೆಯ ದಿನ ಮುಂಬಯಿಯಿಂದ ಬಿರುಗಾಳಿಯ ಕೇಂದ್ರವು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿತ್ತು. ಹಾಗಿದ್ದೂ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿತು. ವಿಮಾನ ನಿಲ್ದಾಣ ಬೆಳಗ್ಗೆ 11ಕ್ಕೆ ಮುಚ್ಚಿದ್ದು ರಾತ್ರಿ 10ರವರೆಗೂ ತೆರೆಯಲಿಲ್ಲ. ಮೊದಲು ಕೆಲವೇ ಗಂಟೆಗಳೆಂದು ಹೇಳಿ, ಅನಂತರ ಅವಧಿಯನ್ನು ಮತ್ತೆ ಮತ್ತೆ ಮುಂದುವರಿಸಲಾಯಿತು. ಇಂಥ ದಿನದಲ್ಲಿ ‘ಇನ್ನೊಂದು ಗಂಟೆ’ ಎಂಬ ಮಾತಿಗೆ ಅರ್ಥವಿಲ್ಲವೆಂದು ತಿಳಿದು, ರಾತ್ರಿಗೂ ಸೇರಿಸಿ ಅನ್ನ-ನೀರಿನ ಏರ್ಪಾಡು ಮಾಡಿಕೊಂಡವನೇ ಬುದ್ಧಿವಂತ.

ನಿಂತಲ್ಲಿಯೇ ನಿಲ್ಲುವುದರ ಬೆಲೆಯನ್ನು ತಿಳಿಯಲು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿಗಿಂತ ಮಿಗಿಲಾದ ಉದಾಹರಣೆ ಈ ಪ್ರದೇಶದಲ್ಲಿ ಇಲ್ಲ. ಕೊಲ್ಲಾಪುರಕ್ಕೆ ಹೋಗುವ ಈ ಗಾಡಿ ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೂ ಪರಿಚಿತವಾದುದು. ಕೊಲ್ಲಾಪುರದಲ್ಲಿಳಿದು ಮುಂದೆ ಬಸ್ಸು ಹಿಡಿಯುವುದು ವಾಡಿಕೆ. 2019ರ ಜುಲೈ 26ರ ರಾತ್ರಿ ಮುಂಬಯಿ ಬಿಟ್ಟ ಅದು ಕಲ್ಯಾಣವನ್ನು ದಾಟಿ, ಬದಲಾಪುರ ಮತ್ತು ವಾಂಗಣಿಗಳ ನಡುವೆ ನಿಂತುಹೋಯಿತು. ಉಲ್ಹಾಸ್ ನದಿ ಉಕ್ಕಿ ಹಳಿಯನ್ನು ಮುಚ್ಚಿತ್ತು. ಬೆಳಗಾದಾಗ ಕಿಟಕಿಯ ಹೊರಗೆ ಎರಡು ಕಡೆಯೂ ನೀರು. ಒಳಗೆ ಸುಮಾರು 1,050 ಜನ. ಅವರಲ್ಲಿ 9 ಮಂದಿ ಗರ್ಭಿಣಿಯರು. ಕುಡಿಯುವ ನೀರು ತೀರಿತ್ತು, ಮಕ್ಕಳು ಹಸಿದಿದ್ದರು. ಹಳಿಯ ಪಕ್ಕದ ಊರು ಕಣ್ಣಿಗೆ ಕಾಣುತ್ತಿರುವಾಗ ಇಳಿದು ನಡೆದುಬಿಡೋಣವೆನಿಸುವುದು ಸಹಜ. ಯಾರೂ ಕೆಳಗಿಳಿಯಕೂಡದು, ಗಾಡಿಯೇ ಸುರಕ್ಷಿತ ಸ್ಥಳ, ಎಂದು ರೈಲ್ವೆಯವರು ಮತ್ತೆ ಮತ್ತೆ ತಿಳಿಸಿದರು. ಅದು ಒಪ್ಪತಕ್ಕ ಸಲಹೆಯೇ ಆಗಿತ್ತು: ಕೆಸರು ನೀರಿನ ಕೆಳಗೆ ಹಳಿ ಎಲ್ಲಿ, ಚರಂಡಿ ಎಲ್ಲಿ, ಮೋರಿ ಎಲ್ಲಿ ಎಂಬುದು ಇಳಿದವನಿಗೆ ತಿಳಿಯುವುದಿಲ್ಲ, ಮೊಣಕಾಲಿಗಿಂತ ಕೆಳಗಿನ ಹರಿವ ನೀರು ಸಹ ಆಳನ್ನು ಕೆಡವಬಲ್ಲುದು. ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆ ದೋಣಿಗಳೊಡನೆ ಬಂತು. ನೌಕಾದಳ, ವಾಯುದಳಗಳು ಸೇರಿದವು. ಸುತ್ತಲಿನ ಹಳ್ಳಿಗರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೈಹಿಡಿದರು. ಮಧ್ಯಾಹ್ನದ ವೇಳೆಗೆ ಎಲ್ಲರೂ ಹೊರಬಂದಿದ್ದರು. ಒಂದೂ ಸಾವು ಸಂಭವಿಸಲಿಲ್ಲ. ಸ್ತ್ರೀರೋಗ ತಜ್ಞರೂ ಸೇರಿದಂತೆ 37 ವೈದ್ಯರು ದಡದಲ್ಲಿ ಸಿದ್ಧರಿದ್ದರು, ಮುಂದಿನ ಪ್ರಯಾಣಕ್ಕೆ ಕಲ್ಯಾಣದಿಂದ ಕೊಲ್ಲಾಪುರಕ್ಕೆ ವಿಶೇಷ ಗಾಡಿಯೂ ಹೊರಟಿತು.

ಹಾಗೆಂದು ನಿಲ್ಲುವ ಸ್ಥಳ ಯಾವುದಾದರೂ ಸರಿಯೆಂದಲ್ಲ. ತೌಕ್ತೆ ಬಂದಾಗ ಮುಂಬಯಿಯ ಪಶ್ಚಿಮಕ್ಕೆ ತೈಲಕ್ಷೇತ್ರದಲ್ಲಿ ಲಂಗರು ಹಾಕಿ ನಿಂತಿದ್ದ ಪಿ-305 ಎಂಬ ವಸತಿ ಬಾರ್ಜಿನಲ್ಲಿ 261 ಜನರಿದ್ದರು. ಲಂಗರು ಕಿತ್ತು, ತೇಲಿ, ಅದು ಮುಳುಗಿದಾಗ 70ಕ್ಕೂ ಹೆಚ್ಚು ಮಂದಿ ಮಡಿದರು. ಕಡಲಲ್ಲಿರುವವನು ಸೂಚನೆ ಬಂದೊಡನೆ ದಡಕ್ಕೆ ಬರಬೇಕು. ನೆಲದ ಮೇಲಿರುವವನು ಗಟ್ಟಿ ಮಾಡಿನ ಕೆಳಗೆ ನಿಲ್ಲಬೇಕು. ಗುಡ್ಡ ಕಡಿದು ಹಾಕಿದ ದಾರಿಯಲ್ಲಿ ರಾತ್ರಿ ವೇಳೆ ಮೋಟಾರಿನಲ್ಲಿ ಹೋಗುವುದು ಸರ್ವಥಾ ತಪ್ಪು. ಕೊಂಕಣ ರೈಲ್ವೆಯಲ್ಲಿ 2003ರ ಜೂನ್ 22ರಂದು ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ರಜಾಕಾಲದ ವಿಶೇಷ ಗಾಡಿ ವೈಭವವಾಡಿಯ ಬಳಿ ಗುಡ್ಡ ಕುಸಿದಲ್ಲಿ ಹಳಿ ತಪ್ಪಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷ ಜೂನ್ 16ರಂದು ಮತ್ಸ್ಯಗಂಧಾ ಗಾಡಿಗೂ ಬಂಡೆಗಳಿಂದಲೇ ಅಪಘಾತವಾಯಿತು. ಮಳೆಗಾಲದಲ್ಲಿ ಆ ಮಾರ್ಗದ ಗಾಡಿಗಳು ನಿಧಾನವಾಗಿ ಓಡುವುದು ಈ ಕಾರಣಕ್ಕಾಗಿ. ಆ ವಿಳಂಬಕ್ಕೆ ಗೊಣಗುವವರು ಈ ಎರಡು ದಿನಾಂಕಗಳನ್ನು ನೆನೆಯಬಹುದು.

ಊರಿನಿಂದ ಬಂದ ನೆಂಟರಿಗೆ ಇಲ್ಲಿಯ ನೆಲದ ಗುಣ ತಿಳಿದಿರುವುದಿಲ್ಲ, ಮನೆಯವರೇ ತಿಳಿಸಬೇಕು. ಕಲ್ಯಾಣ, ಡೊಂಬಿವಲಿಗಳಲ್ಲಿ ಮಳೆ ನಿಂತ ಮೇಲೂ ಕರ್ಜತ್ ಕಡೆಯಿಂದ ಉಲ್ಹಾಸ್ ನದಿ ನೀರು ತರುತ್ತಲೇ ಇರುತ್ತದೆ. ಥಾಣೆಯ ಖಾಡಿಯ ಅಂಚಿನಲ್ಲಿ, ನವಿ ಮುಂಬಯಿಯ ತಗ್ಗಿನ ವಿಭಾಗಗಳಲ್ಲಿ ಲೆಕ್ಕಕ್ಕೆ ಬರುವುದು ಸಮುದ್ರದ ಉಬ್ಬರ. ಉಬ್ಬರ ನಾಲ್ಕೂವರೆ ಮೀಟರ್ ಮೀರಿದ ಹೊತ್ತಿಗೇ ಜೋರು ಮಳೆ ಬಂದರೆ ನೀರಿಗೆ ಹೋಗಲು ದಾರಿಯಿರುವುದಿಲ್ಲ. ಚಂಡಮಾರುತದ ಕಣ್ಣು ನೇರವಾಗಿ ಮೇಲೆ ಬಂದ ಊರಿನಲ್ಲಿ ಗಾಳಿ ಒಮ್ಮೆಲೇ ನಿಂತು ಆಕಾಶ ತಿಳಿಯಾಗುವುದೂ ಉಂಟು. ಅದು ಬಿರುಗಾಳಿಯ ಅಂತ್ಯವಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ವಿರುದ್ಧ ದಿಕ್ಕಿನಿಂದ ಅಷ್ಟೇ ರಭಸದ ಗಾಳಿ ಬೀಸುತ್ತದೆ. ಮೋಸಹೋಗಿ ಹೊರಗೆ ಬಂದವರು ಸಿಕ್ಕಿಬೀಳುವುದು ಆಗ.

ಕೈಚೀಲದಲ್ಲಿ ಸಣ್ಣ ನೋಟುಗಳು ಇರತಕ್ಕದ್ದು. ನಿಸರ್ಗದ ತರುವಾಯ ರಾಯಗಡದ ಅನೇಕ ಹಳ್ಳಿಗಳಲ್ಲಿ ವಾರಗಟ್ಟಲೆ ವಿದ್ಯುತ್ತಿರಲಿಲ್ಲ. ವಿದ್ಯುತ್ತಿಲ್ಲದಲ್ಲಿ ಎಟಿಎಂ ಇಲ್ಲ, ಫೋನಿಗೆ ಜೀವವಿಲ್ಲ. ಖಾತೆಯಲ್ಲಿ ಲಕ್ಷವಿದ್ದವನೂ ಒಂದು ಲೋಟ ಚಹಕ್ಕೆ ಪರದಾಡಬೇಕಾಗುತ್ತದೆ.

ಹಣಕ್ಕಿಂತ ಮುಖ್ಯವಾದುದು ಔಷಧಿ. ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳಿಗೆ ನಿತ್ಯ ಗುಳಿಗೆ ನುಂಗುವವರು ಪ್ರಯಾಣದ ದಿನಗಳಿಗೆ ಲೆಕ್ಕ ಹಾಕಿ ಅಷ್ಟೇ ಒಯ್ಯುತ್ತಾರೆ. ಮೇಲೊಂದು ವಾರಕ್ಕೆ ಸಾಲುವಷ್ಟು ಇರಬೇಕು, ಅದೂ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಲ್ಲ, ಹೆಗಲ ಚೀಲದಲ್ಲಿ, ವೈದ್ಯರ ಚೀಟಿಯ ಸಹಿತ. ಬಳಕೆಯಲ್ಲಿರುವ ಇನ್ಸುಲಿನ್ ತಂಪುಪೆಟ್ಟಿಗೆಯಿಲ್ಲದೆಯೂ, ಬಿಸಿಲು-ಸೆಕೆ ತಗಲದಂತಿಟ್ಟರೆ, ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ವಿದ್ಯುತ್ ಹೋದಾಗ ಅದನ್ನು ಒಣ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ನೀರಿರುವ ಮಣ್ಣಿನ ಮಡಕೆಯೊಳಗೆ ತೇಲಬಿಡಬಹುದು. ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೆ ಮಾತ್ರ ಕೆಡುತ್ತದೆ. ಮಧುಮೇಹಿಗಳು ಊಟ ತಡವಾಗುವ ಸಂಭವವಿದ್ದಾಗ ಸಕ್ಕರೆಯನ್ನೋ ಬೆಲ್ಲವನ್ನೋ ಜೇಬಿನಲ್ಲಿಟ್ಟುಕೊಳ್ಳುವುದು ಕ್ಷೇಮ. ಪ್ರಸವ ಸಮೀಪಿಸಿದ ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯುವವರು ಸೂಚನೆ ಹೊರಟ ವಾರದಲ್ಲಿ ಹೊರಡದಿರುವುದೇ ಲೇಸು.

ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಬೇಕು; ಒಲೆಯಿಲ್ಲದಲ್ಲಿ ಕ್ಲೋರಿನ್ ಗುಳಿಗೆ ಹಾಕಿ ಅರ್ಧ ಗಂಟೆ ಬಿಡಬೇಕು. ನಿಂತ ನೀರಿನಲ್ಲಿ ನಡೆಯುವುದು ಅನಿವಾರ್ಯವಾದರೆ ದೀಪದ ಕಂಬಗಳನ್ನು ಮುಟ್ಟದೆ, ಕಾಲಿಗೆ ಮುಚ್ಚಿದ ಪಾದರಕ್ಷೆ ಹಾಕಿ, ಕೋಲೊಂದರಿಂದ ನೆಲವನ್ನು ಊರಿ ನೋಡುತ್ತ ನಡೆಯಬೇಕು. ಮನೆ ಸೇರಿದೊಡನೆ ಕಾಲನ್ನು ಸಾಬೂನಿನಿಂದ ತೊಳೆದು ಒರಸಿ, ಗಾಯವಿದೆಯೇ ಎಂದು ನೋಡಿಕೊಳ್ಳಬೇಕು. ಇಲಿಜ್ವರದ ರೋಗಾಣು ಇಲಿಯ ಮೂತ್ರದಿಂದ ನೀರಿಗೆ, ನೀರಿನಿಂದ ಚರ್ಮದ ಬಿರುಕಿಗೆ ಬರುತ್ತದೆ. 2005ರ ಪ್ರವಾಹದ ತರುವಾಯ ಮುಂಬಯಿಯಲ್ಲಿ ಅದು ವ್ಯಾಪಕವಾಗಿ ಹರಡಿತ್ತು. ಆದುದರಿಂದ ನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರನ್ನು ಕಂಡು ತಡೆ ಔಷಧಿ ಕೇಳಬೇಕು. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಔಷಧಿ ಬೇರೆಯಾಗಿರುವುದರಿಂದ ಸ್ವಯಂ ವೈದ್ಯ ಸಲ್ಲದು. ಜ್ವರ ಬರುವುದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ತರುವಾಯ. ಅಷ್ಟರಲ್ಲಿ ಪ್ರಯಾಣಿಕನು ಹುಬ್ಬಳ್ಳಿಯಲ್ಲೋ ಕುಂದಾಪುರದಲ್ಲೋ ಇರುತ್ತಾನೆ. ಮೀನಖಂಡದ ನೋವು, ಕಣ್ಣಿನ ಕೆಂಪು ಇದ್ದರೂ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕುವುದುಂಟು. ಹತ್ತು ದಿನಗಳ ಹಿಂದೆ ಕಲ್ಯಾಣದಲ್ಲಿ ನೀರಿಗಿಳಿದಿದ್ದೆನೆಂಬ ಒಂದು ಮಾತು ಅಲ್ಲಿಯ ವೈದ್ಯರ ಕಿವಿಗೆ ಬಿದ್ದರೆ, ಅವರು ಬರೆಯುವ ರಕ್ತಪರೀಕ್ಷೆಯೇ ಬೇರೆಯಾಗುತ್ತದೆ.