ಬೋಲ್ಟ್ ಬಿಗಿಯುವ ಕೈ ಯಾರದು?

1990-91ರ ಮಾದರಿಯ ಮಾಜ್ದಾ ಮಿಯಾಟಾ ಕೊಳ್ಳಲು ಹೊರಟವರಿಗೆ ಬಲ್ಲವರು ಮೊದಲು ಹೇಳುವ ಮಾತು: ಬಾನೆಟ್ ಎತ್ತಿ, ಇಂಜಿನ್ ಮುಂದಿನ ಪುಲ್ಲಿಯಲ್ಲಿ ಎಷ್ಟು ಸೀಳುಗಳಿವೆ ಎಣಿಸಿ. ನಾಲ್ಕಿದ್ದರೆ ಒಳಗಿರುವುದು ಗಿಡ್ಡ ಮೂತಿಯ ಕ್ರ್ಯಾಂಕ್‌ಶಾಫ್ಟ್. ಎಂಟಿದ್ದರೆ, 1991ರ ನಡುವಿನಲ್ಲಿ ಕಂಪನಿ ತಿದ್ದಿ ಕೊಟ್ಟ ಉದ್ದ ಮೂತಿಯದು. ಗಿಡ್ಡ ಮೂತಿಯದೇನೂ ಹುಟ್ಟಿನಿಂದಲೇ ಕೆಟ್ಟದ್ದಲ್ಲ. ತೊಂದರೆ ಶುರುವಾಗುವುದು ಟೈಮಿಂಗ್ ಬೆಲ್ಟ್ ಬದಲಿಸಲೆಂದು ಪುಲ್ಲಿಯ ನಡುವಿನ ದೊಡ್ಡ ಬೋಲ್ಟನ್ನು ಬಿಚ್ಚಿ, ಮತ್ತೆ ಹಾಕುವಾಗ.

ಆ ಬೋಲ್ಟ್ ಬಿಗಿಯಲು ಹೋದರೆ ಅದರ ಜೊತೆಗೆ ಕ್ರ್ಯಾಂಕೇ ತಿರುಗಿಬಿಡುತ್ತದೆ. ಆದ್ದರಿಂದ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಒಳಗೊಬ್ಬರು ಬ್ರೇಕ್ ಒತ್ತಿ ಕೂತಿರಬೇಕು, ಇಲ್ಲವೇ ಪುಲ್ಲಿಯನ್ನು ಹಿಡಿದಿಡುವ ಸಲಕರಣೆ ಬೇಕು. ಆಗ ಟಾರ್ಕ್ ರೆಂಚ್ ಹಿಡಿದು 108ರಿಂದ 118 ನ್ಯೂಟನ್ ಮೀಟರ್ ಬಿಗಿ ಕೊಡಬೇಕು. ಅಂದಾಜಿನ ಮೇಲೆ ಬಿಗಿದರೆ ಅಂದಿಗೆ ಏನೂ ಗೊತ್ತಾಗುವುದಿಲ್ಲ, ಇಂಜಿನ್ ಚೆನ್ನಾಗಿಯೇ ಓಡುತ್ತದೆ. ಒಳಗೆ ಮಾತ್ರ ಪುಲ್ಲಿ ಕೂದಲೆಳೆಯಷ್ಟು ಅಲ್ಲಾಡುತ್ತಿರುತ್ತದೆ. ಶಾಫ್ಟಿನ ತೋಡಿನಲ್ಲಿ ಕೂತ ಚಿಕ್ಕ ಉಕ್ಕಿನ ಕೀ ಆ ತೋಡನ್ನೇ ಸವೆಸುತ್ತ ಹೋಗುತ್ತದೆ. ಟೈಮಿಂಗ್ ಹಿಂದೆ ಬೀಳುತ್ತದೆ, ಗಾಡಿ ಎಳೆಯುವುದಿಲ್ಲ. ಕೊನೆಗೆ ಕ್ರ್ಯಾಂಕ್ ಬದಲಿಸಲು ಇಡೀ ಇಂಜಿನ್ ಕೆಳಗಿಳಿಸಬೇಕಾಗುತ್ತದೆ. ಸವೆತ ಅಲ್ಪಸ್ವಲ್ಪವಿದ್ದರೆ ಲಾಕ್‌ಟೈಟ್ 660 ಎಂಬ ಅಂಟು ತುಂಬಿ ಉಳಿಸಿಕೊಳ್ಳುವವರೂ ಇದ್ದಾರೆ.

ಈ ಅನಾಹುತ ಮನೆಯಂಗಳದಲ್ಲಿ ಪಾನಾ ಹಿಡಿದವರಿಂದಲೂ ಆಗಿದೆ, ಹಣ ಪಡೆದು ಕೆಲಸ ಮಾಡುವವರಿಂದಲೂ ಆಗಿದೆ. ಗಾಳಿ ಗನ್ ಹಚ್ಚಿ ‘ಗರ್ರ್’ ಎನ್ನಿಸಿ ಕೈತೊಳೆದುಕೊಂಡರೆ ಬೋಲ್ಟಿಗೆ ಎಷ್ಟು ಬಿಗಿ ಸಿಕ್ಕಿತೆಂದು ಯಾರಿಗೂ ತಿಳಿಯದು. ಸ್ಪೋರ್ಟ್ಸ್ ಕಾರನ್ನು ನಾವೇ ಮಾರ್ಪಡಿಸಿಕೊಳ್ಳಬೇಕೋ, ವೃತ್ತಿಪರ ಗ್ಯಾರೇಜಿಗೆ ಕೊಡಬೇಕೋ ಎಂಬ ಚರ್ಚೆ ಸಾಮಾನ್ಯವಾಗಿ ಹಣದ ಸುತ್ತ, ಇಲ್ಲವೇ ಕೈಚಳಕದ ಸುತ್ತ ಸುತ್ತುತ್ತದೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ. ಮಾಡಿದ ಕೆಲಸ ಸರಿಯಾಗಿದೆಯೇ ಎಂದು ಅಳೆದು ನೋಡುವ ದಾರಿ ನನ್ನ ಬಳಿ ಇದೆಯೇ? ಇದ್ದರೆ ಧೈರ್ಯವಾಗಿ ಬಿಚ್ಚಬಹುದು. ಇಲ್ಲದಿದ್ದರೆ, ಅಳೆಯುವ ಸಾಧನ ಇರುವವರ ಬಳಿಗೆ ಹೋಗಬೇಕು. ಅಳೆದದ್ದನ್ನು ತೋರಿಸಿ ಎಂದು ಅವರನ್ನೂ ಕೇಳಬೇಕು.

ಮಿಯಾಟಾವನ್ನೇ ಇಲ್ಲಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಗ್ಗದ, ಹಗುರ, ತೆರೆದ ಚಾವಣಿಯ ಎರಡು ಸೀಟಿನ ಕಾರೊಂದನ್ನು ಮಾಡಿ ಎಂದು 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ ವಾದಿಸಿದವರು ಬಾಬ್ ಹಾಲ್ ಎಂಬ ಅಮೆರಿಕನ್ ವಾಹನ ಪತ್ರಕರ್ತ. ಹತ್ತು ವರ್ಷಗಳ ನಂತರ, 1989ರ ಫೆಬ್ರುವರಿಯಲ್ಲಿ ಷಿಕಾಗೊ ಆಟೊ ಷೋದಲ್ಲಿ ಆ ಕಾರು ಹೊರಬಂತು. 1.6 ಲೀಟರ್ ಇಂಜಿನ್, 116 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ, ಅಮೆರಿಕದಲ್ಲಿ ಆರಂಭಿಕ ಬೆಲೆ 13,800 ಡಾಲರ್. 2016ರ ಏಪ್ರಿಲ್‌ನಲ್ಲಿ ಈ ಸಾಲಿನ ಹತ್ತು ಲಕ್ಷನೆಯ ಕಾರು ತಯಾರಾಯಿತು. ಶಿಕ್ಷಕರು, ಗುಮಾಸ್ತರು, ಕಾಲೇಜು ಹುಡುಗರು ಕೊಂಡ ಸ್ಪೋರ್ಟ್ಸ್ ಕಾರು ಇದು. ಅದಕ್ಕೇ ಮನೆಯ ಷೆಡ್ಡಿನಲ್ಲಿ ಇದರಷ್ಟು ಬಿಚ್ಚಿಸಿಕೊಂಡ, ಜೋಡಿಸಿಕೊಂಡ ಸ್ಪೋರ್ಟ್ಸ್ ಕಾರು ಅಪರೂಪ.

ಮನೆಗೆಲಸಕ್ಕೆ ಕಾರೂ ಒದಗಿಬರುತ್ತದೆ. ಇಂಜಿನ್ ಉದ್ದುದ್ದಕ್ಕೆ ಕೂತಿರುವುದರಿಂದ ಎರಡೂ ಬದಿ ಕೈಯಾಡಿಸಲು ಜಾಗವಿದೆ. ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್, ನಾಲ್ಕರಲ್ಲೂ ಅಲೈನ್‌ಮೆಂಟ್ ತಿದ್ದಿಕೊಳ್ಳಲು ಬೋಲ್ಟುಗಳಿವೆ. ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ, ಈ 1.6 ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಹರಿದರೂ ಪಿಸ್ಟನ್ ಮೇಲೆ ಬಂದು ವಾಲ್ವನ್ನು ಗುದ್ದುವುದಿಲ್ಲ. ಗಾಡಿ ನಿಂತುಹೋಗುತ್ತದೆ, ಇಂಜಿನ್ ಉಳಿಯುತ್ತದೆ. ಕಲಿಯುವವನ ಕೈತಪ್ಪನ್ನು ಇಷ್ಟರಮಟ್ಟಿಗೆ ಕ್ಷಮಿಸುವ ಇಂಜಿನ್ ಸಿಗುವುದು ಪುಣ್ಯ. ಬೆಲ್ಟ್ ಹರಿದ ಮರುಕ್ಷಣವೇ ವಾಲ್ವುಗಳು ಬಾಗಿಹೋಗುವ ಇಂಜಿನ್ನುಗಳೇ ಇಂದು ಬಹಳ.

ಅಳೆಯುವ ಆ ಪ್ರಶ್ನೆಯನ್ನು ಈಗ ಒಂದೊಂದು ಕೆಲಸಕ್ಕೂ ಕೇಳೋಣ. ಮೊದಲು ಬ್ರೇಕ್. ವೇಗ ಹೆಚ್ಚಿಸುವ ಆಸೆ ಇದ್ದವರು ಕೈ ಹಚ್ಚಬೇಕಾದದ್ದೇ ಇಲ್ಲಿಂದ ಎಂದು ನಾನು ಒತ್ತಿ ಹೇಳುತ್ತೇನೆ. ಪ್ಯಾಡ್ ಬದಲಿಸಿ ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬುವ ಕೆಲಸ ಒಂದು ಭಾನುವಾರ ಬೆಳಗ್ಗೆ ಮುಗಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್ ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗಲೋ ರೇಸ್ ಟ್ರ್ಯಾಕಿನಲ್ಲೋ ಅದು ಕುದಿದು ಗುಳ್ಳೆ ಎದ್ದರೆ, ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ.

ಕೆಲಸ ಹೀಗೆ. ಕಾರನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕಾರಿನ ಅಡಿಗೆ ಯಾರೂ, ಯಾವತ್ತೂ ಹೋಗಬಾರದು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಕ್ಯಾಲಿಪರ್ ಹಿಂದಿನ ನಿಪ್ಪಲ್ ಸಡಿಲಿಸುತ್ತಾರೆ. ಪಾರದರ್ಶಕ ಕೊಳವೆಯಲ್ಲಿ ಮೊದಲು ಕಾಫಿ ಬಣ್ಣದ ಹಳೆಯ ಆಯಿಲ್, ನಡುನಡುವೆ ಗುಳ್ಳೆ, ಆಮೇಲೆ ತಿಳಿಯಾದ ಹೊಸ ಆಯಿಲ್ ಬರುತ್ತದೆ. ಪೆಡಲ್ ಬಿಡುವ ಮುನ್ನ ನಿಪ್ಪಲ್ ಬಿಗಿಯಬೇಕು. ನಾಲ್ಕೂ ಚಕ್ರ ಮುಗಿದ ಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ ನಿಂತರೆ ಏರ್ ಪೂರ್ತಿ ಹೋಗಿದೆ. ನೀವು ಮಾಡಿದ ಕೆಲಸದ ಫಲಿತಾಂಶವನ್ನು ನಿಮ್ಮ ಕಣ್ಣು, ನಿಮ್ಮ ಕಾಲೇ ಹೇಳುತ್ತವೆ. ಇಲ್ಲಿ ಗ್ಯಾರೇಜಿಗೆ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮ ಗಾಡಿಯ ಬ್ರೇಕಿನ ಮೇಲೆ ನಿಮಗಿರುವಷ್ಟು ಕಾಳಜಿ, ದಿನಕ್ಕೆ ಹತ್ತು ಗಾಡಿ ನೋಡುವವನಿಗೆ ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಹಣದ ಮಾತನ್ನು ಬೇಗ ಮುಗಿಸೋಣ. ಅಮೆರಿಕದಲ್ಲಿ ಒಳ್ಳೆಯ ಗ್ಯಾರೇಜಿನ ಕೂಲಿ ಗಂಟೆಗೆ ನೂರು ಡಾಲರ್ ದಾಟುವುದು ಸಾಮಾನ್ಯ. ಆದ್ದರಿಂದ ಅಲ್ಲಿ ಸ್ವಂತ ಕೆಲಸ ಉಳಿತಾಯವೇ. ನಮ್ಮಲ್ಲಿ ಕೂಲಿ ಅಷ್ಟಿಲ್ಲ, ಒಳ್ಳೆಯ ಉಪಕರಣ ಮಾತ್ರ ದುಬಾರಿ. ಹಾಗಾಗಿ ಹಣ ಉಳಿಸಲೆಂದೇ ಕೈಹಚ್ಚುವವರಿಗೆ ಇಲ್ಲಿ ಲಾಭ ಕಡಿಮೆ. ತಿಳಿದುಕೊಳ್ಳಬೇಕೆಂಬ ಹಂಬಲ ಇರುವವರಿಗೆ ಮಾತ್ರ ಆ ಖರ್ಚು ದಕ್ಕುತ್ತದೆ.

ಇನ್ನು ಟರ್ಬೊ. ಮಿಯಾಟಾಕ್ಕೆ ಟರ್ಬೊ ಕೂರಿಸುವ ಕಿಟ್‌ಗಳು ದಶಕಗಳಿಂದ ಸಿಗುತ್ತಿವೆ. ಅದರಲ್ಲಿ ಹೆಸರು ಮಾಡಿದ ಫ್ಲೈಯಿಂಗ್ ಮಿಯಾಟಾ ಸಂಸ್ಥೆ ಕೊಲೊರಾಡೊದ್ದು. ಪಾನಾ ಹಿಡಿಯಲು ಬರುವ ಯಾರೇ ಆದರೂ ಮ್ಯಾನಿಫೋಲ್ಡ್, ಇಂಟರ್‌ಕೂಲರ್, ಪೈಪುಗಳನ್ನು ಕೆಲವು ದಿನಗಳಲ್ಲಿ ಜೋಡಿಸಬಹುದು. ಕಷ್ಟ ಇರುವುದು ಜೋಡಣೆ ಮುಗಿದ ಮೇಲೆ. ಮಾಮೂಲಿ ಪೆಟ್ರೋಲ್ ಇಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬುದು ಲೆಕ್ಕ. ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ ಸಿಲಿಂಡರಿನ ಬಿಸಿ ತಡೆಯಲು ಪೆಟ್ರೋಲ್ ಜಾಸ್ತಿ ಬೇಕು, ಗಾಳಿಯ ಪಾಲು ಹನ್ನೆರಡರ ಆಸುಪಾಸಿಗೆ ಇಳಿಯಬೇಕು. ಕಿಡಿ ಹೊತ್ತುವುದನ್ನೂ ತುಸು ತಡಮಾಡಬೇಕು. ಕಾರಿನ ಜೊತೆ ಬಂದ ಇಂಜೆಕ್ಟರುಗಳಿಗೆ ಅಷ್ಟು ಪೆಟ್ರೋಲ್ ಚಿಮ್ಮಿಸುವ ಶಕ್ತಿಯಿಲ್ಲ, ಇಂಜಿನ್ ನಡೆಸುವ ಕಂಪ್ಯೂಟರಿಗೆ, ಅಂದರೆ ಕಂಪನಿಯ ಇಸಿಯುಗೆ, ಟರ್ಬೊ ಇದೆಯೆಂಬುದೇ ಗೊತ್ತಿಲ್ಲ. ಲೆಕ್ಕ ತಪ್ಪಿದರೆ ಮಿಶ್ರಣ ತನ್ನಷ್ಟಕ್ಕೆ ತಾನೇ ಸಿಡಿಯುತ್ತದೆ. ಆ ಹೊಡೆತಕ್ಕೆ ಪಿಸ್ಟನ್ನಿನ ಅಂಚು ಒಡೆಯಲು ಕೆಲವೇ ಸೆಕೆಂಡು ಸಾಕು. ಗಾಳಿಯ ಸದ್ದು, ಎಕ್ಸಾಸ್ಟಿನ ಸದ್ದಿನ ನಡುವೆ ಆ ಸಿಡಿತದ ‘ಟಿಕ್ ಟಿಕ್’ ಚಾಲಕನ ಕಿವಿಗೆ ಬೀಳುವುದೂ ಕಷ್ಟ.

ಶಕ್ತಿ ಹೆಚ್ಚಿಸುವುದೆಂದರೆ ಹಳೆಯ ಮನೆಯ ಮೇಲೆ ಮಹಡಿ ಎಬ್ಬಿಸಿದ ಹಾಗೆ, ಭಾರವೆಲ್ಲ ಬಂದು ಬೀಳುವುದು ಪಾಯದ ಮೇಲೆ. 1990ರಿಂದ 93ರವರೆಗಿನ 1.6 ಕಾರುಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ಚಿಕ್ಕದು, ರಿಂಗ್ ಗೇರು ಆರು ಇಂಚಿನದು. 1994ರಲ್ಲಿ 1.8 ಇಂಜಿನ್ ಬಂದಾಗ ಅದನ್ನು ಏಳು ಇಂಚಿಗೆ ಏರಿಸಿದರು. ಹಳೆಯ ಕಾರಿಗೆ ಟರ್ಬೊ ಹಾಕಿದವರು ಮೊದಲು ಮುರಿದುಕೊಳ್ಳುವುದು ಆ ಚಿಕ್ಕ ಡಿಫರೆನ್ಷಿಯಲನ್ನು, ಆಮೇಲೆ ಕ್ಲಚ್ಚು, ಆಮೇಲೆ ರೇಡಿಯೇಟರಿನ ಸರದಿ. ಕಿಟ್ ಮಾರುವ ಅಂಗಡಿ ಟರ್ಬೊ ಒಂದರ ಬೆಲೆ ಹೇಳಿದರೆ, ಅನುಭವಸ್ಥ ಗ್ಯಾರೇಜಿನವನು ಈ ಸರಪಳಿಯನ್ನೆಲ್ಲ ಸೇರಿಸಿ ಲೆಕ್ಕ ಕೊಡುತ್ತಾನೆ. ಆ ಲೆಕ್ಕ ಕೇಳಿ ಗಾಬರಿಯಾಗಿ ಮನೆಗೆ ಬಂದು ತಾನೇ ಶುರು ಮಾಡಿದವನಿಗೂ ಒಂದೆರಡು ವರ್ಷದಲ್ಲಿ ಅಷ್ಟೇ ಖರ್ಚಾಗುತ್ತದೆ, ಕಂತಿನಲ್ಲಿ.

ಈ ಹಂತದಲ್ಲಿ ವೃತ್ತಿಪರನಿಗೆ ಕೊಡುವ ಹಣ ಡೈನೊ ಮುಂದೆ ನಿಂತ ಅವನ ಅನುಭವಕ್ಕೆ ಕೊಡುವ ಹಣ. ಡೈನೊ ಎಂದರೆ ಕಾರಿನ ಚಕ್ರಗಳು ನಿಂತಲ್ಲೇ ಉರುಳುವ ಉರುಳೆಗಳ ಯಂತ್ರ. ಅದರ ಮೇಲೆ ಕಾರನ್ನು ಕಟ್ಟಿ, ಒಂದೊಂದೇ ವೇಗದಲ್ಲಿ, ಒಂದೊಂದೇ ಭಾರದಲ್ಲಿ ಓಡಿಸುತ್ತಾರೆ. ಎಕ್ಸಾಸ್ಟಿಗೆ ಸಿಕ್ಕಿಸಿದ ಸೆನ್ಸರ್ ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುತ್ತದೆ, ಇಂಜಿನ್ನಿಗೆ ಅಂಟಿಸಿದ ಇನ್ನೊಂದು ಸಾಧನದಿಂದ ಸಿಡಿತದ ಸದ್ದು ಹೆಡ್‌ಫೋನಿಗೆ ಬರುತ್ತದೆ. ಇಸಿಯು ಒಳಗಿನ ಕೋಷ್ಟಕದ ಒಂದು ಅಂಕಿ ಬದಲಿಸಿ ಮತ್ತೆ ಓಡಿಸಿ ನೋಡುತ್ತಾರೆ. ಲ್ಯಾಪ್‌ಟಾಪ್ ಹಿಡಿದು ರಸ್ತೆಯಲ್ಲಿ ಇದನ್ನು ಮಾಡುವವರಿದ್ದಾರೆ. ಅದು ಇತರರ ಪ್ರಾಣದ ಮೇಲೆ ಮಾಡುವ ಪ್ರಯೋಗ. ಅದನ್ನು ಯಾರೂ ಸಮರ್ಥಿಸಬಾರದು.

ಬೆಂಗಳೂರಿನ ಹವ್ಯಾಸಿಗಳಿಗೂ ಈ ಲೆಕ್ಕ ಪರಿಚಯವೇ. ಮಿಯಾಟಾ ಭಾರತದ ಷೋರೂಮುಗಳಿಗೆ ಬರಲೇ ಇಲ್ಲ. ಇಲ್ಲಿ ಆ ಹುಮ್ಮಸ್ಸಿಗೆ ಸಿಕ್ಕಿದ್ದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯಂಥ ಕಾರುಗಳು. ಅದರ 1.2 ಟರ್ಬೊ ಇಂಜಿನ್ನಿನ ಟಾರ್ಕ್ 175 ನ್ಯೂಟನ್ ಮೀಟರ್, ಅದಕ್ಕೆ ಜೋಡಿಸಿದ ಏಳು ಗೇರುಗಳ ಡಿಎಸ್‌ಜಿ ಗೇರ್ ಪೆಟ್ಟಿಗೆಯ ಮಿತಿ 250. ಇಸಿಯು ಕೋಷ್ಟಕದ ಅಂಕಿಗಳನ್ನು ಬದಲಿಸಿ ರೀಮ್ಯಾಪ್ ಮಾಡಿಸಿದರೆ ಇಂಜಿನ್ ಆ ಮಿತಿಯ ಕಡೆಗೆ ಏರುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿದವನು ಒಳ್ಳೆಯ ಟ್ಯೂನರ್. ಏರಿಸಿದ ಅಂಕಿಯನ್ನಷ್ಟೇ ಜಾಹೀರಾತು ಮಾಡುವವನಿಂದ ದೂರ ಇರುವುದು ಲೇಸು.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ ಇಂಜಿನ್ನಿಗೆ ಹೊರಗಿನ ಟರ್ಬೊ ಹಾಕಬೇಕಾದರೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿ ಆ ಕಿಟ್‌ಗೆ ಅನುಮೋದನೆ ಸಂಖ್ಯೆ ಕೊಟ್ಟಿರಬೇಕು. ಹೊಗೆ ತಪಾಸಣೆಯವರು ಬಾನೆಟ್ ಎತ್ತಿ ಅದನ್ನು ಹುಡುಕುತ್ತಾರೆ. ಜರ್ಮನಿಯಲ್ಲಿ ದೊಡ್ಡ ಬದಲಾವಣೆಗಳನ್ನು ಅಧಿಕೃತ ಪರೀಕ್ಷಕರಿಗೆ ತೋರಿಸಿ ವಾಹನದ ಕಾಗದಪತ್ರದಲ್ಲಿ ಬರೆಸಿಕೊಳ್ಳುವ ದಾರಿಯಿದೆ. ಯಾರು ಜೋಡಿಸಿದರು ಎನ್ನುವುದಕ್ಕಿಂತ, ಜೋಡಿಸಿದ್ದು ಪರೀಕ್ಷೆಯಲ್ಲಿ ನಿಲ್ಲುತ್ತದೆಯೇ ಎನ್ನುವುದು ಅಲ್ಲಿ ಮುಖ್ಯ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ನಿನ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಕಿವಿಗಡಚಿಕ್ಕುವ ಸೈಲೆನ್ಸರುಗಳನ್ನು ಕಿತ್ತು ರೋಡ್ ರೋಲರ್ ಹತ್ತಿಸುವ ಪೊಲೀಸರ ಕ್ರಮಕ್ಕೆ ನನ್ನ ಒಪ್ಪಿಗೆಯಿದೆ, ನಿದ್ದೆಗೆಟ್ಟ ಮಗುವಿನ, ರೋಗಿಯ ಪರವಾಗಿ ಯಾರಾದರೂ ನಿಲ್ಲಲೇಬೇಕು. ಆದರೆ ಒಳ್ಳೆಯ ಬ್ರೇಕ್, ಒಳ್ಳೆಯ ಸಸ್ಪೆನ್ಷನ್ ಹಾಕಿಸಿಕೊಂಡವನಿಗೆ ‘ಪರೀಕ್ಷಿಸಿ, ಬರೆದುಕೊಳ್ಳಿ’ ಎಂದು ಕೇಳಲು ಒಂದು ಸರಳ ಕೌಂಟರ್ ಇಲ್ಲದಿರುವುದು ದೊಡ್ಡ ಕೊರತೆ. ಅಳೆಯುವ ವ್ಯವಸ್ಥೆ ಇಲ್ಲದ ಕಡೆ ಒಳ್ಳೆಯ ಕೆಲಸಕ್ಕೂ ಕಳಪೆ ಕೆಲಸಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆಗ ಮಾರುಕಟ್ಟೆ ತುಂಬುವುದು ಕಳಪೆಯಿಂದಲೇ.

ನಿಜವಾಗಿ ವೇಗ ಬೇಕಾದವರಿಗೆ ದಾರಿ ಇಲ್ಲದಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎರಡಕ್ಕೂ ಬೆಂಗಳೂರಿನವರು ಹೋಗಿಬರುತ್ತಾರೆ. ಟ್ರ್ಯಾಕಿಗೆಂದೇ ಸಿದ್ಧಪಡಿಸಿದ ಕಾರನ್ನು ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗುತ್ತಾರೆ. ಅಂಥ ಕಾರಿನ ರೋಲ್ ಕೇಜನ್ನು, ಅಂದರೆ ಚಾಲಕನನ್ನು ಕಾಯುವ ಉಕ್ಕಿನ ಪಂಜರವನ್ನು, ಮಾತ್ರ ಅದನ್ನೇ ಮಾಡಿ ಪಳಗಿದ ವೆಲ್ಡರಿಗೆ ಬಿಡಬೇಕು. ಬೆಸುಗೆ ಒಳಗೆ ಎಷ್ಟು ಇಳಿದಿದೆಯೆಂದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಅದರ ಪರೀಕ್ಷೆ ಆಗುವುದು ಕಾರು ಮಗುಚಿದಾಗ.

ಗ್ಯಾರೇಜಿಗೆ ಕೀ ಕೊಡುವ ಮೊದಲು ಕೆಲವನ್ನು ಕೇಳಿಯೇ ಕೊಡಿ. ಕೆಲಸಕ್ಕೆ ಮುಂಚಿನ ಮತ್ತು ನಂತರದ ಡೈನೊ ಹಾಳೆ, ಅಲೈನ್‌ಮೆಂಟ್ ಪ್ರಿಂಟ್, ಹಾಕಿದ ಭಾಗಗಳ ಬಿಲ್ಲು, ಕಾರಿನ ಮೂಲ ಇಸಿಯು ಫೈಲಿನ ಪ್ರತಿ. ಇನ್ಷೂರೆನ್ಸ್ ಕಂಪನಿಗೆ ಬದಲಾವಣೆಯನ್ನು ಬರವಣಿಗೆಯಲ್ಲಿ ತಿಳಿಸಿ. ಮುಚ್ಚಿಟ್ಟರೆ ಅಪಘಾತವಾದ ದಿನ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೊಂದೇ ಸಾಕು. ಬಿಚ್ಚಿದ ಹಳೆಯ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಎಕ್ಸಾಸ್ಟುಗಳನ್ನು ಗುಜರಿಗೆ ಹಾಕಬೇಡಿ. ಹದಿನೈದು ವರ್ಷಕ್ಕೆ ಆರ್.ಸಿ. ನವೀಕರಿಸಲು ಕಾರನ್ನು ತಪಾಸಣೆಗೆ ಒಯ್ಯುವಾಗ ಅವೆಲ್ಲ ಮತ್ತೆ ಬೇಕಾಗುತ್ತವೆ.