ರಿಮೋಟ್ ಹಿಡಿದು ನಿಮ್ಮ ಮೊಬೈಲ್ ಕ್ಯಾಮೆರಾಗೊಂದು ಪರೀಕ್ಷೆ!

ಕಳೆದ ಭಾನುವಾರ ಬೆಳಿಗ್ಗೆ ಊರಿಂದ ಅಮ್ಮನ ಫೋನ್. "ಟಿವಿ ರಿಮೋಟ್ ಕೆಲ್ಸ ಮಾಡ್ತಿಲ್ಲ ಕಣೋ. ಹೊಸ ಸೆಲ್ ಹಾಕಿದ್ರೂ ಅಷ್ಟೇ. ರಿಪೇರಿಯವನು ಟಿವಿನೇ ಅಂಗಡಿಗೆ ತಗೊಂಡು ಬನ್ನಿ ಅಂತಾನೆ."

"ಸ್ವಲ್ಪ ತಡಿ. ಅಪ್ಪನ ಮೊಬೈಲಲ್ಲಿ ಸೆಲ್ಫಿ ಕ್ಯಾಮೆರಾ ಆನ್ ಮಾಡು. ರಿಮೋಟಿನ ತುದಿಯನ್ನ ಅದರ ಕಡೆ ತಿರುಗಿಸಿ ವಾಲ್ಯೂಮ್ ಬಟನ್ ಒತ್ತಿ ಹಿಡಿ" ಅಂದೆ.

"ಏನೂ ಕಾಣ್ತಿಲ್ಲ."

"ಈಗ ಸೆಟ್-ಟಾಪ್ ಬಾಕ್ಸ್ ರಿಮೋಟ್ ಹಿಡಿ."

"ಅಯ್ಯೋ, ನೇರಳೆ ದೀಪ ಮಿಣಮಿಣ ಅಂತಿದೆ!"

ಅಲ್ಲಿಗೆ ಗೊತ್ತಾಯ್ತು. ಕ್ಯಾಮೆರಾ ಸರಿಯಿದೆ, ಕೆಟ್ಟಿರೋದು ಟಿವಿ ರಿಮೋಟ್. ಹೊಸ ರಿಮೋಟ್ ತಂದ ಮೇಲೆ ಟಿವಿ ಮೊದಲಿನಂತೆ ಓಡಿತು.

ಕ್ಯಾಮೆರಾಗೆ ಕಂಡಿದ್ದು ಕಣ್ಣಿಗೆ ಯಾಕೆ ಕಾಣಲ್ಲ? ನಮಗೆ ಕಾಣೋದು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕು ಮಾತ್ರ. ರಿಮೋಟಿನ ಎಲ್‌ಇಡಿ ಸಾಮಾನ್ಯವಾಗಿ 940 ನ್ಯಾನೋಮೀಟರ್‌ನಲ್ಲಿ ಬೆಳಗುತ್ತೆ. ಅದು ಶಾಲೆಯಲ್ಲಿ ಓದಿದ ಅವಕೆಂಪು ಕಿರಣ, ಅಂದ್ರೆ ಇನ್‌ಫ್ರಾರೆಡ್. ಕ್ಯಾಮೆರಾದೊಳಗಿನ ಸಿಲಿಕಾನ್ ಸೆನ್ಸರ್‌ಗೆ ಸುಮಾರು 1100 ನ್ಯಾನೋಮೀಟರ್‌ವರೆಗೂ ಬೆಳಕು ತಿಳಿಯುತ್ತೆ. ಆದ್ರೆ ಇನ್‌ಫ್ರಾರೆಡ್ ಒಳಗೆ ಬಂದ್ರೆ ಫೋಟೋದ ಬಣ್ಣ ಕೆಡುತ್ತೆ ಅಂತ ಸೆನ್ಸರ್ ಮುಂದೆ ಒಂದು ಫಿಲ್ಟರ್ ಕೂರಿಸಿರ್ತಾರೆ. ಹಲವು ಫೋನ್‌ಗಳಲ್ಲಿ ಹಿಂದಿನ ಕ್ಯಾಮೆರಾದ ಫಿಲ್ಟರ್ ಬಿಗಿ, ಸೆಲ್ಫಿ ಕ್ಯಾಮೆರಾದ್ದು ಸಡಿಲ. ಹಾಗಾಗಿ ಒಂದೇ ಫೋನಿನ ಎರಡು ಕ್ಯಾಮೆರಾಗಳು ಬೇರೆ ಬೇರೆ ಉತ್ತರ ಕೊಡಬಹುದು.

ಈ ವ್ಯತ್ಯಾಸ ರಿಮೋಟ್ ರಿಪೇರಿಗಷ್ಟೇ ಅಲ್ಲ. ತಂಗಿ ಆಫೀಸ್ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗಿ ಲಾಡ್ಜಲ್ಲಿ ಉಳಿದಿದ್ಲು. ವಾಟ್ಸಾಪ್‌ನಲ್ಲಿ ಬಂದ ಸಲಹೆಯಂತೆ ಲೈಟ್ ಆರಿಸಿ, ಮೊಬೈಲ್ ಕ್ಯಾಮೆರಾದಲ್ಲಿ ರೂಮೆಲ್ಲ ನೋಡಿದ್ಲಂತೆ. ನೇರಳೆ ಚುಕ್ಕೆ ಕಾಣಲಿಲ್ಲ, ಗುಪ್ತ ಕ್ಯಾಮೆರಾ ಇಲ್ಲ ಅಂತ ನೆಮ್ಮದಿಯಾಗಿ ಮಲಗಿದ್ಲು. ಮನೆಗೆ ಬಂದಾಗ ಅವಳ ಫೋನಿನ ಹಿಂದಿನ ಕ್ಯಾಮೆರಾಗೆ ರಿಮೋಟ್ ಹಿಡಿದೆ. ಏನೂ ಇಲ್ಲ, ಪೂರ್ತಿ ಕತ್ತಲು! ಅವತ್ತು ಅವಳು ನೋಡಿದ್ದು ಆ ಕ್ಯಾಮೆರಾದಲ್ಲೇ. ರೂಮಲ್ಲಿ ಇನ್‌ಫ್ರಾರೆಡ್ ದೀಪ ಇದ್ದಿದ್ರೂ ಗೊತ್ತಾಗ್ತಿರಲಿಲ್ಲ.

ಹಾಗಾಗಿ ಮೊದಲು ನಿಮ್ಮ ಕ್ಯಾಮೆರಾನೇ ಪರೀಕ್ಷೆ ಮಾಡಿ:

* ಕೋಣೆ ಮಬ್ಬಾಗಿರಲಿ. ಕೆಲಸ ಮಾಡುವ ರಿಮೋಟನ್ನು ಒಂದಡಿ ದೂರದಲ್ಲಿ ಹಿಡಿಯಿರಿ.
* ಸೆಲ್ಫಿ ಕ್ಯಾಮೆರಾ, ಹಿಂದಿನ ಪ್ರತಿಯೊಂದು ಕ್ಯಾಮೆರಾ, ಎಲ್ಲವನ್ನೂ ನೋಡಿ.
* ಎಸಿ ರಿಮೋಟ್ ಆದ್ರೆ ಬಟನ್ ಮತ್ತೆ ಮತ್ತೆ ಒತ್ತಿ. ಅದು ಒಂದು ಒತ್ತಿಗೆ ಒಂದೇ ಸಲ ಮಿನುಗುತ್ತೆ.
* ಬ್ಲೂಟೂತ್ ರಿಮೋಟ್ ಬೇಡ. ಅದು ರೇಡಿಯೋ ತರಂಗದಲ್ಲಿ ಮಾತಾಡುತ್ತೆ.

ಚುಕ್ಕೆ ಕಂಡ ಕ್ಯಾಮೆರಾವನ್ನಷ್ಟೇ ಹುಡುಕಾಟಕ್ಕೆ ಬಳಸಿ. ಆದ್ರೂ ಪೂರ್ತಿ ನಂಬಬೇಡಿ. ರಾತ್ರಿ ಚಿತ್ರೀಕರಿಸುವ ಕ್ಯಾಮೆರಾಗಳಿಗೆ ಮಾತ್ರ ಇನ್‌ಫ್ರಾರೆಡ್ ದೀಪ ಇರೋದು. ಅದಿಲ್ಲದ ಕ್ಯಾಮೆರಾ ಈ ಪರೀಕ್ಷೆಗೆ ಸಿಗಲ್ಲ. ಟಾರ್ಚ್ ಹಾಕಿ ಸ್ಮೋಕ್ ಡಿಟೆಕ್ಟರ್, ಗಡಿಯಾರ, ಪ್ಲಗ್ ಪಾಯಿಂಟ್‌ಗಳಲ್ಲಿ ಲೆನ್ಸ್ ಹೊಳಪಿದೆಯಾ ನೋಡಿ. ಏನಾದ್ರೂ ಸಿಕ್ಕಿದ್ರೆ ಮುಟ್ಟಬೇಡಿ. ಫೋಟೋ ತೆಗೆದುಕೊಂಡು ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ಚಿತ್ರೀಕರಿಸೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರ ಪ್ರಕಾರ ಅಪರಾಧ.

ತಂಗಿ ಈಗ ರೂಮಿಗೆ ಹೋದ ತಕ್ಷಣ ಮೊದಲು ಎತ್ತಿಕೊಳ್ಳೋದು ಅಲ್ಲಿನ ಟಿವಿ ರಿಮೋಟ್. ನಿಮ್ಮ ಪಕ್ಕದಲ್ಲೂ ಒಂದು ಇರಬೇಕಲ್ಲ, ಈಗಲೇ ಒತ್ತಿ ನೋಡಿ!